ಒಂದೇ ಪಾಟಿ, ಹತ್ತು ಮಂದಿ ಲೆಕ್ಕ

ಸಿ ಭಾಷೆಯಲ್ಲಿ ಬಳಕೆದಾರನ ಖಾತೆಯ ವಿವರ ಓದುವ ಹಳೇ ದಾರಿ ಬಹಳ ಸಲೀಸು. ಗೆಟ್‌ಪಿಡಬ್ಲ್ಯೂನ್ಯಾಮ್ ಫಂಕ್ಷನ್‌ಗೆ ಹೆಸರು ಕೊಟ್ಟರೆ ಸಾಕು. ಯುಐಡಿ, ಹೋಮ್ ಡೈರೆಕ್ಟರಿ, ಶೆಲ್ ಎಲ್ಲ ಇರುವ ದಾಖಲೆಯ ವಿಳಾಸ ಕೈಗೆ ಬರುತ್ತದೆ. ಒಂದೇ ಸಾಲಿನ ಕೆಲಸ. ನನ್ನ ತಕರಾರು ಇರೋದೇ ಈ ಸಲೀಸಿನ ಮೇಲೆ.

ನಮ್ಮ ಭೋಜದ ಕಡೆ ಸ್ಲೇಟಿಗೆ ಪಾಟಿ ಅಂತೀವಿ. ಚಾದಂಗಡಿಯಲ್ಲಿ ಒಂದೇ ಪಾಟಿ ಐತಿ ಅಂತ ತಿಳ್ಕೊಳ್ರಿ. ನಿಮ್ಮ ಉದ್ರಿ ಎಷ್ಟು ಅಂತ ಕೇಳಿದಿರಿ, ಮಾಲೀಕ ಬರೆದು ತೋರಿಸಿದ. ಹಿಂದೆ ನಿಂತವನು ಕೇಳಿದ ಕೂಡಲೇ ಅದನ್ನು ಒರೆಸಿ ಅವನ ಲೆಕ್ಕ ಬರೆದ. ನೀವು ಇನ್ನೂ ಅದೇ ಪಾಟಿ ನೋಡಿ ದುಡ್ಡು ಎಣಿಸಿದರೆ?

ಈ ಫಂಕ್ಷನ್ ಕೊಡೋದೂ ಲೈಬ್ರರಿಯ ಸ್ವಂತ ಪಾಟಿಯ ವಿಳಾಸವೇ. ಮುಂದಿನ ಕರೆ ಅದನ್ನು ಒರೆಸಬಹುದು. ಥ್ರೆಡ್ ಇದ್ದರೆ ಮಾತ್ರ ತೊಂದರೆ ಅನ್ನೋದು ಅರ್ಧ ಸತ್ಯ. ಒಂದೇ ಥ್ರೆಡ್‌ನಲ್ಲಿ ಇಬ್ಬರು ಬಳಕೆದಾರರನ್ನು ಒಬ್ಬರ ನಂತರ ಒಬ್ಬರಂತೆ ಕೇಳಿ, ಆಮೇಲೆ ಎರಡು ಪಾಯಿಂಟರ್‌ಗಳ ಯುಐಡಿ ಹೋಲಿಸಿ ನೋಡಿ: ಇಬ್ಬರೂ ಒಬ್ಬರೇ ಆಗಿ ಕಾಣಬಹುದು. ಆ ಹೋಲಿಕೆಯ ಮೇಲೆ ಫೈಲಿನ ಪರವಾನಗಿ ನಿಂತಿದ್ದರೆ ಕಥೆ ಮುಗೀತು. ಸ್ಟ್ರಕ್ಚರನ್ನು ಕಾಪಿ ಮಾಡಿಕೊಂಡರೂ ಪೂರ್ತಿ ಬಚಾವಾಗಲ್ಲ. ಅಂಕಿಗಳು ನಿಮ್ಮವಾಗುತ್ತವೆ, ಹೆಸರು ಮತ್ತು ಡೈರೆಕ್ಟರಿಯ ಅಕ್ಷರಗಳು ಹಳೇ ಪಾಟಿಯಲ್ಲೇ ಉಳಿಯುತ್ತವೆ.

ಇದಕ್ಕೆ ಮದ್ದಾಗಿ ಪೋಸಿಕ್ಸ್ ಕೊಟ್ಟದ್ದು ‘ಅಂಡರ್‌ಸ್ಕೋರ್ ಆರ್’ ಬಾಲದ ಫಂಕ್ಷನ್. ಇಲ್ಲಿ ಪಾಟಿ ನೀವೇ ತರಬೇಕು. ಎಷ್ಟು ದೊಡ್ಡದು? ಸಿಸ್‌ಕಾನ್ಫ್ ಕೇಳಿದರೆ ಮೈನಸ್ 1 ಬರಬಹುದು. ಅದನ್ನು ನೋಡದೆ ಹಾಗೇ ಮ್ಯಾಲಕ್‌ಗೆ ಕೊಟ್ಟರೆ ಅದು ಊಹೆಗೂ ಮೀರಿದ ದೊಡ್ಡ ಸಂಖ್ಯೆಯಾಗುತ್ತದೆ. ಸರಿಯಾದ ಸಂಖ್ಯೆ ಬಂದರೂ ಅದು ಶುರುವಿನ ಸಲಹೆ ಅಷ್ಟೇ. ಆದರೆ ಆ ಸ್ಥಿರಾಂಕದ ಹೆಸರಲ್ಲಿ ‘ಮ್ಯಾಕ್ಸ್’ ಅಂತಿದೆ! ಹೆಸರೇ ದಾರಿ ತಪ್ಪಿಸುವ ಇಂಟರ್‌ಫೇಸನ್ನು ಒಳ್ಳೆಯ ವಿನ್ಯಾಸ ಅಂತ ನಾನು ಒಪ್ಪೋದಿಲ್ಲ. ಜಾಗ ಸಾಲದಿದ್ದರೆ ಇರೇಂಜ್ ದೋಷ ಬರುತ್ತದೆ. ಬಫರ್ ದೊಡ್ಡದು ಮಾಡಿ ಮತ್ತೆ ಕೇಳಬೇಕು, ಎಲ್ಲಿ ನಿಲ್ಲಬೇಕು ಅನ್ನೋ ಮಿತಿಯನ್ನೂ ನಾವೇ ಹಾಕಿಕೊಳ್ಳಬೇಕು. ದಾಖಲೆಯ ಬಳಕೆ ಮುಗಿಯುವ ತನಕ ಆ ಬಫರ್ ಫ್ರೀ ಮಾಡುವಂತಿಲ್ಲ.

ಇಷ್ಟು ಕಷ್ಟಕ್ಕೆ ಬಾಲದ ಫಂಕ್ಷನ್ ಕೊಡುವ ನಿಜವಾದ ಲಾಭ ಬೇರೆಯೇ ಇದೆ, ಅದರ ಬಗ್ಗೆ ಮಾತು ಕಡಿಮೆ. ಉತ್ತರಗಳು ಮೂರು. ವಾಪಸ್ ಸೊನ್ನೆ, ಫಲಿತಾಂಶದ ಪಾಯಿಂಟರ್ ಇದೆ: ಬಳಕೆದಾರ ಸಿಕ್ಕ. ವಾಪಸ್ ಸೊನ್ನೆ, ಪಾಯಿಂಟರ್ ನಲ್: ಅಂಥವನು ಇಲ್ಲ. ವಾಪಸ್ ಬೇರೆ ಸಂಖ್ಯೆ: ಹುಡುಕಲಿಕ್ಕೇ ಆಗಲಿಲ್ಲ. ಹಳೇ ಫಂಕ್ಷನ್ ಕೊನೆಯ ಎರಡಕ್ಕೂ ನಲ್ ಅನ್ನುತ್ತದೆ. ಕರೆಯುವ ಮೊದಲು ಎರ್‌ನೋ ಸೊನ್ನೆ ಮಾಡಿ ಆಮೇಲೆ ನೋಡಿ ಅನ್ನುವ ಲಿನಕ್ಸ್ ಕೈಪಿಡಿಯೇ, ‘ಸಿಗಲಿಲ್ಲ’ ಅನ್ನೋದಕ್ಕೆ ಸೊನ್ನೆಯ ಜೊತೆ ನಾಲ್ಕೈದು ದೋಷಸಂಖ್ಯೆಗಳನ್ನು ಪಟ್ಟಿ ಮಾಡಿ ‘ಇತ್ಯಾದಿ’ ಹಾಕಿ ಕೈತೊಳೆದುಕೊಳ್ಳುತ್ತದೆ.

ಕೆಲಸ ಬಿಟ್ಟು ಹೋದವರ ಫೈಲ್ ಅಳಿಸುವ ಪ್ರೋಗ್ರಾಂ ಒಂದನ್ನು ನೆನೆಯಿರಿ. ಖಾತೆಗಳು ಎಲ್‌ಡ್ಯಾಪ್ ಸರ್ವರ್‌ನಲ್ಲಿವೆ, ಇವತ್ತು ಆ ಸರ್ವರ್ ಕೈಗೆ ಸಿಗುತ್ತಿಲ್ಲ. ‘ಕೇಳಲಿಕ್ಕೆ ಆಗಲಿಲ್ಲ’ ಅನ್ನೋದನ್ನು ‘ಅವನಿಲ್ಲ’ ಅಂತ ಓದಿದರೆ ಇರುವ ಮನುಷ್ಯರ ಮನೆಯೇ ಖಾಲಿ.

ಅದಕ್ಕೇ ಕೋಡ್ ರಿವ್ಯೂನಲ್ಲಿ ಬಾಲ ಕಂಡ ತಕ್ಷಣ ‘ಸೇಫ್ ಐತಿ’ ಅನ್ನೋದು ನನಗೆ ಒಪ್ಪಿಗೆಯಿಲ್ಲ. ಮೂರು ಉತ್ತರಕ್ಕೂ ಬೇರೆ ಬೇರೆ ದಾರಿ ಇದೆಯಾ? ಬಫರ್ ಎಷ್ಟು ಹೊತ್ತು ಬದುಕಿರುತ್ತೆ? ಇವೆರಡಕ್ಕೆ ಉತ್ತರ ಸಿಗೋ ತನಕ ಆ ಕೋಡಿಗೆ ನನ್ನ ಸಹಿ ಇಲ್ಲ.