ಪಹಣಿಯ ಹಿಂದಿನ ಕೋಷ್ಟಕಗಳು

ಆಳಂದದ ನಾಡಕಚೇರಿಯಲ್ಲಿ ಕೈಗೆ ಸಿಗುವ ಪಹಣಿ ಬರೀ ಒಂದು ಹಾಳೆ. ಅದರ ಹಿಂದಿನ ಡೇಟಾಬೇಸ್ ಕೆಲಸದ ಮೇಲೆ ನನಗೆ ಅಪಾರ ಗೌರವ. 1970ರಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ಮುಂದಿಟ್ಟ ಮಾದರಿಯಲ್ಲಿ ಮಾಹಿತಿ ಕೋಷ್ಟಕಗಳಲ್ಲಿರುತ್ತದೆ. ಒಂದು ಕೋಷ್ಟಕವನ್ನು ಇನ್ನೊಂದಕ್ಕೆ ಬೆಸೆಯುವುದು ‘ಕೀಲಿ’.

ಕೀಲಿ ಯಾವುದಾಗಬೇಕು? ಅಫಜಲಪುರ ತಾಲ್ಲೂಕಿನ ಒಂದೇ ಊರಲ್ಲಿ ಎಷ್ಟು ಜನ ಶರಣಪ್ಪ, ಎಷ್ಟು ಜನ ಮಲ್ಲಪ್ಪ! ಹೆಸರನ್ನೇ ನೆಚ್ಚಿದರೆ ಒಬ್ಬರ ಬೆಳೆಸಾಲ ಇನ್ನೊಬ್ಬರ ಹೊಲದ ಮೇಲೆ ಕೂರುತ್ತದೆ. ಅದಕ್ಕೇ ಕರ್ನಾಟಕದ ಭೂದಾಖಲೆಗಳ ‘ಭೂಮಿ’ ತಂತ್ರಾಂಶದಲ್ಲಿ ಹೊಲದ ಗುರುತು ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಲ್ಲ ಸೇರಿ ಆಗುತ್ತದೆ.

ಜೇವರ್ಗಿಯ ನಾಲ್ಕೆಕರೆ ತೊಗರಿ ಹೊಲದಲ್ಲಿ ಎರಡೆಕರೆ ಮಾರಾಟವಾಯಿತು ಎನ್ನಿ. ಮಾರಿದವರ ಖಾತೆಯಲ್ಲಿ ಕಳೆಯಬೇಕು, ಕೊಂಡವರ ಖಾತೆಗೆ ಕೂಡಿಸಬೇಕು. ನಡುವೆ ಕರೆಂಟ್ ಹೋದರೆ? ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಡೇಟಾಬೇಸ್‌ನವರ ‘ಟ್ರಾನ್ಸಾಕ್ಷನ್’ ಇದೇ. ಕಂಪ್ಯೂಟರ್ ವಿದ್ಯೆಯಲ್ಲಿ ಇದಕ್ಕಿಂತ ಚೆಂದದ ಉಪಾಯ ನನಗೆ ಕಂಡಿಲ್ಲ.

ರಾಜ್ಯದ ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಕೈಬರಹದ ದಾಖಲೆಗಳನ್ನು ಹೀಗೆ ಗಣಕಕ್ಕೇರಿಸಿದ್ದು ಸಣ್ಣ ಸಾಹಸವಲ್ಲ. ಆದರೆ ತಪ್ಪಾಗಿ ಟೈಪಾದ ಗುಂಟೆಯನ್ನು ತಂತ್ರಾಂಶ ತಾನಾಗಿ ತಿದ್ದದು. ಈ ಸಲ ಪಹಣಿ ತೆಗೆಸಿದಾಗ 9ನೇ ಕಾಲಂನ ಹೆಸರು, ವಿಸ್ತೀರ್ಣ, 11ನೇ ಕಾಲಂನ ಋಣ ಓದಿ ನೋಡಿ. ತಪ್ಪಿದ್ದರೆ ತಡಮಾಡದೆ ತಿದ್ದುಪಡಿಗೆ ಅರ್ಜಿ ಕೊಡಿ.