ಬಿಗಿಯಾದ ಸ್ಟೀರಿಂಗ್, ಸಡಿಲವಾದ ಕೆಲಸ

ಹಳೆಯ ಮಾರುತಿ 800ರ ಸ್ಟೀರಿಂಗಿನಲ್ಲಿ ಪ್ಲೇ, ಅಂದರೆ ಸಡಿಲ, ಬಂದಿದೆ, ಗುಂಡಿ ಬಿದ್ದ ರಸ್ತೆಯಲ್ಲಿ ಕೆಳಗಿನಿಂದ ಕಟಕಟ ಸದ್ದು ಕೇಳುತ್ತದೆ ಎಂದು ಗ್ಯಾರೇಜಿಗೆ ಒಯ್ದರೆ ಬಹುತೇಕ ಕಡೆ ಸಿಗುವ ಮೊದಲ ಉತ್ತರ, 'ರ‍್ಯಾಕ್ ಟೈಟ್ ಮಾಡ್ಕೊಡ್ತೀನಿ ಬಿಡಿ ಸಾರ್.' ಕೆಲಸ ಚಿಕ್ಕದು, ಖರ್ಚೂ ಅಷ್ಟಕ್ಕಷ್ಟೆ. ಹೊರಬಂದ ಕಾರಿನ ಸ್ಟೀರಿಂಗ್ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಮಾಲೀಕನಿಗೂ ಸಮಾಧಾನ, ಮೆಕ್ಯಾನಿಕ್‌ಗೂ ಸಮಾಧಾನ. ಸ್ಟೀರಿಂಗ್ ಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ನಾವು ಅಳೆಯುತ್ತಿರುವುದು ಈ ಬಿಗಿಯಿಂದಲೇ. ನನ್ನ ತಕರಾರು ಇರುವುದೂ ಈ ಅಳತೆಗೋಲಿನ ಬಗ್ಗೆಯೇ.

ರ‍್ಯಾಕ್ ಎಂದರೆ ಒಂದು ಬದಿಗೆ ಹಲ್ಲು ಕೊರೆದ ಉಕ್ಕಿನ ಸರಳು. ಸ್ಟೀರಿಂಗ್ ಕಾಲಂನ ತುದಿಯಲ್ಲಿರುವ ಪಿನಿಯನ್ ತಿರುಗಿದಾಗ ಸರಳು ಎಡಕ್ಕೋ ಬಲಕ್ಕೋ ಸರಿದು, ಟೈ ರಾಡ್‌ಗಳ ಮೂಲಕ ಚಕ್ರಗಳನ್ನು ಹೊರಳಿಸುತ್ತದೆ. ಸರಳಿನ ಬೆನ್ನಿಗೆ ಸ್ಪ್ರಿಂಗ್ ಇರುವ ಪ್ಲಂಜರ್ ಒತ್ತಿಕೊಂಡಿರುತ್ತದೆ. ಅದರ ಹಿಂದಿನ ಸ್ಕ್ರೂವನ್ನು ಬಿಗಿದರೆ ಹಲ್ಲಿಗೆ ಹಲ್ಲು ಹತ್ತಿರವಾಗುತ್ತದೆ. ಟೈಟ್ ಮಾಡುವುದು ಎಂದರೆ ಇಷ್ಟೆ.

ಆದರೆ ಸವೆತ ಎಲ್ಲ ಹಲ್ಲುಗಳಿಗೂ ಸಮನಾಗಿ ಆಗುವುದಿಲ್ಲ. ಕಾರು ತನ್ನ ಆಯುಷ್ಯದ ಬಹುಪಾಲು ನೇರವಾಗಿಯೇ ಓಡುತ್ತದೆ. ಹಾಗಾಗಿ ನಡುವಿನ ಕೆಲವು ಹಲ್ಲುಗಳು ಸವೆದು ಹೋಗುತ್ತವೆ, ಎರಡೂ ಕೊನೆಯವು ಹೆಚ್ಚುಕಡಿಮೆ ಹೊಸದಾಗಿಯೇ ಉಳಿಯುತ್ತವೆ. ನಡುವಿನ ಸಡಿಲಕ್ಕೆ ಹೊಂದುವಂತೆ ಸ್ಕ್ರೂ ಬಿಗಿದರೆ ಪೂರ್ತಿ ತಿರುಗಿಸಿದಾಗ ಸ್ಟೀರಿಂಗ್ ಹಿಡಿದುಕೊಳ್ಳುತ್ತದೆ. ಕೊನೆಯ ಹಲ್ಲುಗಳಿಗೆ ಹೊಂದುವಂತೆ ಬಿಟ್ಟರೆ ನಡುವೆ ಪ್ಲೇ ಮತ್ತೆ ಹಾಜರು. ಸ್ಕ್ರೂ ಇರುವುದು ಒಂದೇ. ಎರಡನ್ನೂ ಸರಿದೂಗಿಸುವುದು ಎಂಥ ನಿಪುಣನಿಂದಲೂ ಆಗದ ಮಾತು.

ಅತಿಯಾಗಿ ಬಿಗಿದದ್ದರ ಪರಿಣಾಮ ಗ್ಯಾರೇಜಿನ ಅಂಗಳದಲ್ಲಿ ಗೊತ್ತಾಗುವುದಿಲ್ಲ. ತಿರುವು ಮುಗಿಯುತ್ತಿದ್ದಂತೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಬೇಕು. ಮುಂಚಕ್ರಗಳ ಜೋಡಣೆಯೇ ಹಾಗಿರುತ್ತದೆ. ರ‍್ಯಾಕ್ ಹಿಡಿದುಕೊಂಡರೆ ಈ ಗುಣ ಸಾಯುತ್ತದೆ. ಚಾರ್ಮಾಡಿ ಘಾಟಿಯಂಥ ದಾರಿಯಲ್ಲಿ ಒಂದು ಹಿಮ್ಮುರಿ ತಿರುವಿನಿಂದ ಇನ್ನೊಂದಕ್ಕೆ ಹೋಗುವಾಗ ಚಾಲಕನೇ ಪ್ರತಿ ಸಲವೂ ಸ್ಟೀರಿಂಗನ್ನು ಎಳೆದು ವಾಪಸು ತರಬೇಕಾಗುತ್ತದೆ. ಹೆದ್ದಾರಿಯಲ್ಲಿ ಕಾರು ಒಂದೇ ಗೆರೆಯಲ್ಲಿ ನಿಲ್ಲದೆ ಸದಾ ಸಣ್ಣಸಣ್ಣ ತಿದ್ದುಪಡಿ ಕೇಳುತ್ತದೆ. ಪ್ಲೇ ಇದ್ದಾಗಲಾದರೂ ದೋಷ ಕೈಗೆ ತಿಳಿಯುತ್ತಿತ್ತು. ಬಿಗಿದ ಮೇಲೆ ಅದು ಗುಣದ ವೇಷ ಹಾಕಿಕೊಂಡು ಕೂರುತ್ತದೆ.

ಹಾಗೆಂದು ಪ್ಲೇ ಬಂದ ಕಾರಿಗೆಲ್ಲ ಹೊಸ ರ‍್ಯಾಕ್ ಹಾಕಿಸಿ ಎನ್ನುವುದೂ ಅಷ್ಟೇ ದೊಡ್ಡ ತಪ್ಪು. ಸದ್ದು ಟೈ ರಾಡ್ ಎಂಡ್‌ನಿಂದ ಬರುತ್ತಿರಬಹುದು, ಕಾಲಂನ ಯೂನಿವರ್ಸಲ್ ಜಾಯಿಂಟ್ (ಯುಜೆ) ಸವೆದಿರಬಹುದು, ರ‍್ಯಾಕನ್ನು ಬಾಡಿಗೆ ಹಿಡಿದಿಡುವ ಕ್ಲ್ಯಾಂಪಿನ ರಬ್ಬರ್ ಸತ್ತಿರಬಹುದು. ಪಿನಿಯನ್ ಇಲ್ಲದ ಎಡತುದಿಯಲ್ಲಿ ಸರಳನ್ನು ಆಧರಿಸುವ ಬುಶ್ ಸವೆದರೂ ಇದೇ ಕಟಕಟ. ಪತ್ತೆ ಮಾಡಲು ದುಬಾರಿ ಯಂತ್ರವೇನೂ ಬೇಡ. ಕಾರನ್ನು ನೆಲದ ಮೇಲೆ ನಿಲ್ಲಿಸಿ ಒಬ್ಬರು ಸ್ಟೀರಿಂಗನ್ನು ಸ್ವಲ್ಪವೇ ಎಡಬಲಕ್ಕೆ ಅಲ್ಲಾಡಿಸುತ್ತಿದ್ದರೆ ಇನ್ನೊಬ್ಬರು ಕೆಳಗೆ ಒಂದೊಂದು ಕೀಲಿನ ಮೇಲೂ ಕೈಯಿಟ್ಟು ನೋಡಿದರೆ ಸಾಕು. ಈ ಪರೀಕ್ಷೆ ಮಾಡದೆ ಸ್ಪ್ಯಾನರ್ ಎತ್ತಿಕೊಳ್ಳುವ ಕೈಯನ್ನು ನಾನು ಒಳ್ಳೆಯ ಕೈ ಎನ್ನಲಾರೆ.

ಬುಶ್ ಮಾತ್ರ ಹೋಗಿದ್ದರೆ ಹೊಸದು ಹಾಕಿಸುವುದು, ಸಿಗದಿದ್ದರೆ ಲೇತಿನಲ್ಲಿ ನೈಲಾನ್ ಬುಶ್ ಮಾಡಿಸುವುದು ಮೆಚ್ಚತಕ್ಕ ಕೆಲಸವೇ. ಷರತ್ತು ಒಂದು: ಸರಳಿಗೆ ತುಕ್ಕು ಹಿಡಿದಿರಬಾರದು. ತುಕ್ಕಿನ ಮೂಲ ಸಾಮಾನ್ಯವಾಗಿ ಹರಿದ ರಬ್ಬರ್ ಬೂಟ್. ಅದರೊಳಗೆ ಮಳೆನೀರು, ಕೆಸರು ಹೊಕ್ಕು ಗ್ರೀಸ್ ತೊಳೆದುಹೋಗುತ್ತದೆ. ರ‍್ಯಾಕಿನ ಬೆಲೆಯ ಮುಂದೆ ಬೂಟಿನ ಬೆಲೆ ಏನೇನೂ ಅಲ್ಲ. ಆದರೂ ಪ್ರತಿ ಸರ್ವಿಸ್‌ನಲ್ಲಿ ಎಂಜಿನ್ ಆಯಿಲ್ ಕೇಳುವ ನಾವು ಬೂಟನ್ನು ಕೇಳುವುದೇ ಇಲ್ಲ.

ಹಲ್ಲೇ ಸವೆದಿದ್ದರೆ ಬದಲಾಯಿಸದೆ ಬೇರೆ ದಾರಿಯಿಲ್ಲ. 800ರ ಉತ್ಪಾದನೆ 2014ರ ಜನವರಿಯಲ್ಲೇ ನಿಂತಿತು. ಹಾಗಾಗಿ ಹಲವರ ಕಣ್ಣು ಬೆಂಗಳೂರಿನ ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಗಳತ್ತ ಹೊರಳುತ್ತದೆ. ಆದರೆ ಗುಜರಿ ಕಾರಿನ ರ‍್ಯಾಕೂ ಅದೇ ನಡುವಿನಲ್ಲಿ ಸವೆದದ್ದು ತಾನೆ? ಇನ್ನೊಬ್ಬರ ಪ್ಲೇಯನ್ನು ದುಡ್ಡು ಕೊಟ್ಟು ತಂದಂತಾಗಬಾರದು. ಅಂಗಡಿಯಲ್ಲೇ ಪಿನಿಯನ್ನನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕೈಯಿಂದ ತಿರುಗಿಸಿ ನೋಡಬೇಕು. ನಡುವೆ ಹಗುರ, ಕೊನೆಗಳಲ್ಲಿ ಬಿಗಿ ಎನಿಸಿದರೆ ಅಲ್ಲೇ ಇಟ್ಟು ಬರುವುದು ಲೇಸು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹೊಸದು ಸಿಕ್ಕಿದರೆ ನನ್ನ ಮತ ಅದಕ್ಕೇ.

ಹೊಸ ರ‍್ಯಾಕ್ ತಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೂರಿಸುವಾಗಿನ ಅವಸರ ಅದನ್ನೂ ಹಾಳುಮಾಡಬಲ್ಲದು. ಟೈ ರಾಡ್ ಎಂಡ್ ಬಿಡಿಸಲು ಪುಲ್ಲರ್ ಬಳಸದೆ ಸುತ್ತಿಗೆಯಿಂದ ಬಡಿದರೆ ಥ್ರೆಡ್, ಬೂಟು ಎರಡಕ್ಕೂ ಕುತ್ತು. ರ‍್ಯಾಕನ್ನು ಸರಿಯಾಗಿ ನಡುವಿಗೆ ತಂದು ಕಾಲಂಗೆ ಜೋಡಿಸದಿದ್ದರೆ ಒಂದು ಬದಿಗೆ ಹೆಚ್ಚು ಸುತ್ತು, ಇನ್ನೊಂದು ಬದಿಗೆ ಕಡಿಮೆ. ವೀಲ್ ಅಲೈನ್‌ಮೆಂಟ್ ಮಾಡಿಸದೆ ಬಿಟ್ಟರೆ ಟೈರು ತಿನ್ನುತ್ತದೆ. ಏರ್‌ಬ್ಯಾಗ್ ಇರುವ ಕಾರಾದರೆ ಇನ್ನೂ ಒಂದು ಎಚ್ಚರ ಬೇಕು: ರ‍್ಯಾಕ್ ಕಳಚಿದಾಗ ಸ್ಟೀರಿಂಗ್ ವೀಲ್ ಲಂಗುಲಗಾಮಿಲ್ಲದೆ ತಿರುಗಿದರೆ ಅದರೊಳಗಿನ ಕ್ಲಾಕ್ ಸ್ಪ್ರಿಂಗ್, ಅಂದರೆ ಏರ್‌ಬ್ಯಾಗಿನ ತಂತಿಸುರುಳಿ, ತುಂಡಾಗಬಹುದು. ವೀಲನ್ನು ಲಾಕ್ ಮಾಡಿಯೇ ಕೆಲಸಕ್ಕೆ ಇಳಿಯಬೇಕು.

ಕಾನೂನಿನ ಅಳತೆ ಮಾಲೀಕನ ಅಳತೆಗಿಂತ ಉತ್ತಮವೇನಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಸ್ಟೀರಿಂಗ್ ವೀಲಿನಲ್ಲಿ 30 ಡಿಗ್ರಿವರೆಗಿನ ಪ್ಲೇಯನ್ನು ಒಪ್ಪುತ್ತದೆ. 36 ಸೆಂ.ಮೀ. ವ್ಯಾಸದ ವೀಲಿನ ಅಂಚಿನಲ್ಲಿ ಅದು ಸುಮಾರು ಒಂಬತ್ತೂವರೆ ಸೆಂ.ಮೀ. ಲಾರಿ, ಬಸ್ಸು, ಕಾರು ಎಲ್ಲಕ್ಕೂ ಒಂದೇ ಮಿತಿ. ರ‍್ಯಾಕ್ ಇರುವ ಹಗುರ ಕಾರಿಗೆ ಇದು ತೀರಾ ಧಾರಾಳ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಹೋದಾಗ ಈ ಮಿತಿಯೊಳಗೆ ಪಾಸಾದರೆ ಸ್ಟೀರಿಂಗ್ ಚೆನ್ನಾಗಿದೆ ಎಂದು ತಿಳಿಯುವ ಹಾಗಿಲ್ಲ. ಆದರೆ ಅದೇ ನಿಯಮ ಹೇಳುವ ಇನ್ನೆರಡು ಮಾತು ಚಿನ್ನದಂಥವು: ಕೀಲುಗಳಿಗೆ ಮುಚ್ಚಿಗೆ ಇರಬೇಕು, ಬೋಲ್ಟುಗಳು ಕಳಚದಂತೆ ಭದ್ರವಾಗಿರಬೇಕು. ಎಂದರೆ ಬೂಟು ಮತ್ತು ಸ್ಪ್ಲಿಟ್ ಪಿನ್. ಎಷ್ಟೋ ಕಡೆ ಹಳೆಯ ಪಿನ್ನನ್ನೇ ನೆಟ್ಟಗೆ ಮಾಡಿ ತೂರಿಸುತ್ತಾರೆ, ಇಲ್ಲವೇ ತಂತಿ ಸುತ್ತುತ್ತಾರೆ.

ಅಗ್ಗದ ಕೆಲಸವನ್ನೇ ಕೇಳುವ ಗಿರಾಕಿ ಇರುವತನಕ ಮೆಕ್ಯಾನಿಕ್ ಒಬ್ಬನನ್ನೇ ದೂರುವುದು ನ್ಯಾಯವಲ್ಲ. ಬಿಲ್ ಕೊಡುವ ಮೊದಲು ಖಾಲಿ ಮೈದಾನದಲ್ಲಿ ನಿಧಾನವಾಗಿ ಒಂದು ಸುತ್ತು ಹೊಡೆದು, ತಿರುವಿನ ಕೊನೆಗೆ ಕೈ ಸಡಿಲಿಸಿ ನೋಡಿ. ಸ್ಟೀರಿಂಗ್ ತಾನಾಗಿ ನೇರಕ್ಕೆ ಬಂದರೆ ಕೇಳಿದಷ್ಟು ಕೊಡಿ. ಬಾರದಿದ್ದರೆ ಅದು ಎಷ್ಟೇ ಬಿಗಿಯಾಗಿರಲಿ, ಕೆಲಸ ಆಗಿಲ್ಲ ಎಂದೇ ಅರ್ಥ.