ಸ್ಯಾಂಡ್ರಾ ಓ ಎಂಬ ‘ಪೋಷಕ’ ನಟಿ

‘ಕಿಲ್ಲಿಂಗ್ ಈವ್’ ಸ್ಕ್ರಿಪ್ಟ್ ಕೈಗೆ ಬಂದಾಗ ಸ್ಯಾಂಡ್ರಾ ಓ ಏಜೆಂಟ್ ಜೊತೆ ಫೋನಿನಲ್ಲಿ ಮಾತಾಡ್ತಾ, ಪುಟಗಳನ್ನು ಸರಿಸ್ತಾ ತನ್ನ ಪಾತ್ರ ಎಲ್ಲಿದೆ ಅಂತ ಹುಡುಕುತ್ತಿದ್ದರಂತೆ. ಡಾಕ್ಟರೋ, ರಿಸೆಪ್ಷನಿಸ್ಟೋ ಯಾವುದೋ ಒಂದಿರಬೇಕು ಅಂತ. ಕೊನೆಗೆ ಏಜೆಂಟೇ ಹೇಳಬೇಕಾಯಿತು: ಈವ್ ಅಂದರೆ ನೀವೇ. ಸಂದರ್ಶನಗಳಲ್ಲಿ ಅವರೇ ಹೇಳಿಕೊಂಡ ಈ ಘಟನೆ ಓದಿದಾಗ ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ. ಅಷ್ಟು ಹೊತ್ತಿಗೆ ಆಕೆಗೆ ಇಪ್ಪತ್ತು ವರ್ಷಕ್ಕೂ ಹೆಚ್ಚಿನ ಅನುಭವವಿತ್ತು, ಒಂದು ಗೋಲ್ಡನ್ ಗ್ಲೋಬ್ ಕೂಡ ಇತ್ತು.

ಆ ಮೊದಲ ಗೋಲ್ಡನ್ ಗ್ಲೋಬ್ ಬಂದಿದ್ದು 2006ರಲ್ಲಿ, ‘ಗ್ರೇಸ್ ಅನಾಟಮಿ’ಗೆ, ಪೋಷಕ ನಟಿ ವಿಭಾಗದಲ್ಲಿ. ಕನ್ನಡದ ಈ ‘ಪೋಷಕ’ ಪದ ನೋಡಿ. ಪೋಷಿಸುವವಳು, ಊಟ ಹಾಕುವವಳು. ಯಾರದೋ ಕಥೆಗೆ ಅನ್ನ ಬಡಿಸಿ ಪಕ್ಕಕ್ಕೆ ನಿಲ್ಲಬೇಕಾದವಳು. ಸ್ಯಾಂಡ್ರಾ ಓ ಬಡಿಸಿದರು ನಿಜ, ಆದರೆ ಪಕ್ಕಕ್ಕೆ ನಿಲ್ಲಲಿಲ್ಲ. ಅವರ ನಟನೆಯ ಗುಟ್ಟು ಇಲ್ಲೇ ಇದೆ ಅನ್ನೋದು ನನ್ನ ವಾದ.

ಕೆನಡಾದ ಆಟವಾ ಪಕ್ಕದ ನೆಪಿಯನ್‌ನಲ್ಲಿ 1971ರಲ್ಲಿ ಹುಟ್ಟಿದ ಆಕೆಯ ಅಪ್ಪ ಅಮ್ಮ ಕೊರಿಯಾದಿಂದ ಬಂದವರು. ಪತ್ರಿಕೋದ್ಯಮ ಓದಲು ಸಿಕ್ಕ ಸ್ಕಾಲರ್‌ಶಿಪ್ ಬಿಟ್ಟು ಮಾಂಟ್ರಿಯಲ್‌ನ ನ್ಯಾಷನಲ್ ಥಿಯೇಟರ್ ಸ್ಕೂಲ್ ಸೇರಿದರು. ಇಂಜಿನಿಯರಿಂಗ್ ಸೀಟು ಬಿಟ್ಟು ನಾಟಕ ಮಾಡ್ತೀನಿ ಅಂದರೆ ನಮ್ಮ ಮನೆಗಳಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲ, ಹಾಗೇ ಅಂದುಕೊಳ್ಳಿ.

ತಮಾಷೆ ಏನಂದರೆ, ಶುರುವಿನಲ್ಲಿ ಆಕೆ ನಾಯಕಿಯೇ ಆಗಿದ್ದರು. ಮೀನಾ ಶಮ್ ನಿರ್ದೇಶನದ ‘ಡಬಲ್ ಹ್ಯಾಪಿನೆಸ್’ (1994) ನೋಡಿ. ನಟಿಯಾಗಲು ಒದ್ದಾಡುವ ಚೀನೀ-ಕೆನೆಡಿಯನ್ ಹುಡುಗಿ ಜೇಡ್. ಆಡಿಷನ್‌ನಲ್ಲಿ ಅವಳ ಸಹಜ ಇಂಗ್ಲಿಷ್ ಯಾರಿಗೂ ಬೇಡ, ‘ಚೀನೀ’ ಉಚ್ಚಾರಣೆ ಬೇಕು. ಆ ಕ್ಷಣ ಜೇಡ್ ಮುಖದಲ್ಲಿ ನಗು ಇದ್ದಂತೆಯೇ ಇರುತ್ತದೆ, ಕಣ್ಣು ಮಾತ್ರ ಆರಿಹೋಗುತ್ತದೆ. ಈ ಪಾತ್ರಕ್ಕೆ ಕೆನಡಾದ ಜೀನಿ ಪ್ರಶಸ್ತಿ ಬಂತು. ಪ್ರಪಂಚದ ಕೊನೆಯ ರಾತ್ರಿಯ ಕಥೆಯಾದ ‘ಲಾಸ್ಟ್ ನೈಟ್’ಗೆ (1998) ಇನ್ನೊಂದು. ಅದೇ ವರ್ಷ ನ್ಯೂಯಾರ್ಕಿನ ಪಬ್ಲಿಕ್ ಥಿಯೇಟರಿನಲ್ಲಿ ‘ಸ್ಟಾಪ್ ಕಿಸ್’ ನಾಟಕದ ಸಾರಾ. ಆದರೆ ಹಾಲಿವುಡ್ ಈ ಪ್ರತಿಭೆಗೆ ಕೊಟ್ಟಿದ್ದು ಗೆಳತಿ, ಸಹಾಯಕಿ, ಸಹೋದ್ಯೋಗಿ ಪಾತ್ರಗಳನ್ನು. ಸಿನಿಮಾದಲ್ಲಿ ಜೇಡ್‌ಗೆ ಆಗಿದ್ದು ನಿಜ ಜೀವನದಲ್ಲಿ ಸ್ಯಾಂಡ್ರಾಗೂ ಆಯಿತು.

ಆದರೂ ಅವರು ಆ ಸಣ್ಣ ಜಾಗಗಳನ್ನು ಸಣ್ಣದಾಗಿ ಆಡಲಿಲ್ಲ. ‘ಸೈಡ್‌ವೇಸ್’ನಲ್ಲಿ (2004) ಮೋಸಗಾರ ಪ್ರೇಮಿಯನ್ನು ಹೆಲ್ಮೆಟ್‌ನಲ್ಲಿ ಬಾರಿಸುವ ದೃಶ್ಯ ನಗಿಸುತ್ತದೆ, ಆದರೆ ಆ ಹೆಂಗಸಿನ ನೋವು ಮಾತ್ರ ಜೋಕ್ ಅಲ್ಲ. ‘ಗ್ರೇಸ್ ಅನಾಟಮಿ’ಯ ಕ್ರಿಸ್ಟಿನಾ ಯಾಂಗ್ ಅಂತೂ ಹತ್ತು ಸೀಸನ್ ನಮ್ಮ ಜೊತೆ ಇದ್ದವಳು. ಪಿಜಿ ರೂಮಿನಲ್ಲಿ ಲ್ಯಾಪ್‌ಟಾಪ್ ಸುತ್ತ ಕೂತು ನೋಡುವಾಗ ಅವಳನ್ನು ನಾವು ‘ಮೆರೆಡಿತ್ ಫ್ರೆಂಡು’ ಅಂತಲೇ ಕರೀತಿದ್ದೆವು. ಮದುವೆ ಮುರಿದ ದಿನ, ಉಸಿರು ಕಟ್ಟಿ, ಮೈಮೇಲಿನ ಮದುವೆ ಗೌನನ್ನು ಕತ್ತರಿಸಿ ತೆಗೆಸಿಕೊಳ್ಳುತ್ತಾಳಲ್ಲ, ಅಲ್ಲಿ ದುಃಖ ಮತ್ತು ಬಿಡುಗಡೆ ಎರಡೂ ಒಟ್ಟಿಗೆ ಬರುತ್ತವೆ. ಯಾವುದು ಹೆಚ್ಚು ಅಂತ ಹೇಳೋಕೆ ಆಗಲ್ಲ. ಕ್ರಿಸ್ಟಿನಾಗೆ ಮಕ್ಕಳು ಬೇಡ, ಕೆಲಸ ಬೇಕು. ಅದಕ್ಕಾಗಿ ಅವಳು ಯಾರ ಹತ್ತಿರವೂ ಕ್ಷಮೆ ಕೇಳಲ್ಲ. ಪ್ರೇಕ್ಷಕರ ಪ್ರೀತಿಗಾಗಿ ಪಾತ್ರವನ್ನು ಮೆತ್ತಗೆ ಮಾಡುವ ಆಸೆಗೆ ನಟಿಯೂ ಬೀಳಲ್ಲ.

2018ರಲ್ಲಿ ಈವ್ ಬಂದಳು. ಪತ್ತೇದಾರಿ ಸರಣಿಯ ನಾಯಕಿ ನಮಗೆ ಮೊದಲು ಕಾಣುವುದು ಮಧ್ಯರಾತ್ರಿ ಕಿರುಚುತ್ತಾ ಎದ್ದಾಗ. ಕಾರಣ, ಎರಡೂ ಕೈ ಮೇಲೆ ಮಲಗಿ ಕೈ ಜೋಮು ಹಿಡಿದಿದೆ! ಇಂಥ ಪೆದ್ದುತನದಿಂದ ಶುರುಮಾಡಿ ಕೊಲೆಗಾರ್ತಿಯ ಮೋಹದವರೆಗೆ ನಮ್ಮನ್ನು ನಂಬಿಸಿ ಕರೆದೊಯ್ಯುವುದು ಸುಲಭವಲ್ಲ. ಪ್ರತಿ ಸೀಸನ್ನಿಗೂ ಮುಖ್ಯ ಬರಹಗಾರರು ಬದಲಾಗಿ ಕಥೆ ಸೊರಗಿತು, ಕೊನೆಯ ಸೀಸನ್ ನನಗಂತೂ ಬೇಸರ ತರಿಸಿತು. ಅಲ್ಲೂ ಆಕೆಯ ಮುಖದಲ್ಲಿ ಸುಳ್ಳಿರಲಿಲ್ಲ. ಆ ವರ್ಷವೇ ಎಮ್ಮಿಯ ಡ್ರಾಮಾ ವಿಭಾಗದಲ್ಲಿ ಮುಖ್ಯ ನಟಿಯಾಗಿ ನಾಮನಿರ್ದೇಶನಗೊಂಡ ಮೊದಲ ಏಷ್ಯನ್ ಮೂಲದ ಮಹಿಳೆಯಾದರು. 2019ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಹಿಡಿದು, ಎದುರಿಗೆ ಕೂತಿದ್ದ ತಂದೆತಾಯಿಗೆ ಕೊರಿಯನ್ ಭಾಷೆಯಲ್ಲೇ ಪ್ರೀತಿ ಹೇಳಿದರು. ‘ಉಮ್ಮಾ, ಅಪ್ಪಾ’ ಅಂದಾಗ ನನಗೆ ಸಬ್‌ಟೈಟಲ್ ಬೇಕಾಗಲಿಲ್ಲ.

2025ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬಯಲು ರಂಗಮಂದಿರದಲ್ಲಿ ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ನ ಒಲಿವಿಯಾ ಆದರು. ಇದನ್ನೆಲ್ಲ ‘ವೈವಿಧ್ಯಮಯ ವೃತ್ತಿಜೀವನ’ ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಆದರೆ ಆ ವೈವಿಧ್ಯದಲ್ಲಿ ಅರ್ಧ ಆಯ್ಕೆ, ಇನ್ನರ್ಧ ಮುಚ್ಚಿದ ಬಾಗಿಲುಗಳು. ಅದನ್ನು ಮರೆತು ಹೊಗಳೋದು ಅನ್ಯಾಯ.

ಮೊನ್ನೆ ಆಫೀಸಿನಲ್ಲಿ ಹೊಸ ಪ್ರಾಜೆಕ್ಟಿನ ಮೇಲ್ ಬಂತು. ನನ್ನ ಹೆಸರು ಹುಡುಕೋಕೆ ಪಟ್ಟಿಯ ಕೆಳಗಿನಿಂದ ಶುರುಮಾಡಿದೆ. ತಕ್ಷಣ ಈಕೆ ನೆನಪಾದರು. ಮತ್ತೆ ಮೇಲಕ್ಕೆ ಹೋಗಿ, ಮೊದಲ ಸಾಲಿನಿಂದ ಓದಿದೆ.